ಬ್ರಾಯ್ಲರ್ ಫೀಡಿಗೆ ಬೆಳ್ಳುಳ್ಳಿ, ಅರಿಶಿನ: ಬೆರೆಸುವುದು ಹೇಗೆ?

ಬ್ರಾಯ್ಲರ್ ಕೋಳಿ ಸಾಕುವುದು ಐದಾರು ವಾರ ಅಷ್ಟೇ. ತಿಂದ ಫೀಡು ನಾಲ್ಕೈದು ಗಂಟೆಯಲ್ಲಿ ಅದರ ಹೊಟ್ಟೆ ದಾಟಿ ಹೊರಬೀಳುತ್ತದೆ. ಅಷ್ಟರೊಳಗೆ ಕರುಳು ಸಾರ ಹೀರಿಕೊಂಡರೆ ಮೈ ತುಂಬುತ್ತದೆ. ಹೀರದೆ ಉಳಿದದ್ದು ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳ ಪಾಲು.

ಹಿಂದೆ ಇದಕ್ಕೆ ಸುಲಭದ ದಾರಿಯೊಂದಿತ್ತು: ಫೀಡಿನಲ್ಲೇ ದಿನವೂ ಚೂರು ಆ್ಯಂಟಿಬಯೋಟಿಕ್. ಔಷಧಕ್ಕೆ ಬಗ್ಗದ ರೋಗಾಣುಗಳ ಭಯದಿಂದ ಸ್ವೀಡನ್ 1986ರಲ್ಲಿ, ಇಡೀ ಯುರೋಪಿಯನ್ ಒಕ್ಕೂಟ 2006ರ ಜನವರಿಯಲ್ಲಿ ಬೆಳವಣಿಗೆಗಾಗಿ ಹಾಗೆ ಕೊಡುವುದನ್ನು ನಿಲ್ಲಿಸಿದವು. ಆ ಜಾಗಕ್ಕೆ ಏನು ಅಂತ ಹುಡುಕುವಾಗ ಬೆಳ್ಳುಳ್ಳಿ, ಅರಿಶಿನ, ಓಂಕಾಳು, ಶುಂಠಿ, ದಾಲ್ಚಿನ್ನಿಗಳ ಕಡೆಗೆ ಕಣ್ಣು ಹೋಯಿತು. ಇವು ಜೀರ್ಣರಸ ಹೆಚ್ಚಿಸಬಲ್ಲವು, ಕೆಲವು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಬಲ್ಲವು. ಹಾಗಂತ ಪವಾಡವೇನೂ ನಡೆಯುವುದಿಲ್ಲ. ಶೆಡ್ ಗಬ್ಬು ನಾರುತ್ತಿದ್ದರೆ ಯಾವ ಪುಡಿ ಹಾಕಿದರೂ ಅಷ್ಟೇ.

ಮೊದಲು ಹಿಕ್ಕೆ ನೋಡಿ

ಬೆಳಿಗ್ಗೆ ಶೆಡ್ಡಿಗೆ ಹೋದಾಗ ನೆಲ ನೋಡಿ. ಒಳ್ಳೆಯ ಹಿಕ್ಕೆ ಕಂದು ಬಣ್ಣದ್ದು, ಗಟ್ಟಿ, ಮೇಲೆ ಬಿಳಿ ಟೋಪಿ ಇಟ್ಟ ಹಾಗೆ ಇರುತ್ತದೆ. ನಡುನಡುವೆ ಗಾಢ ಬಣ್ಣದ, ಅಂಟಂಟಾದ ಹಿಕ್ಕೆ ಕಂಡರೆ ಗಾಬರಿ ಬೇಡ, ಅದು ಕುರುಡು ಕರುಳಿನಿಂದ (ಕರುಳಿಗೆ ಅಂಟಿದ, ಒಂದು ತುದಿ ಮುಚ್ಚಿದ ಚೀಲದಂಥ ಭಾಗ) ಬರುವಂಥದ್ದು, ಸಹಜ. ನೀರು ನೀರಾಗಿದ್ದರೆ, ಕಿತ್ತಳೆ ಬಣ್ಣದ ಲೋಳೆ ಇದ್ದರೆ, ಜೀರ್ಣವಾಗದ ಕಾಳಿನ ಚೂರು ಹಾಗೇ ಕಾಣುತ್ತಿದ್ದರೆ ಕರುಳು ಸರಿಯಿಲ್ಲ.

ಆಮೇಲೆ ನೆಲಕ್ಕೆ ಹಾಸಿದ ಹೊಟ್ಟನ್ನು ಒಂದು ಹಿಡಿ ತೆಗೆದು ಅದುಮಿ. ಕೈ ಬಿಟ್ಟಾಗ ಉದುರಬೇಕು. ಉಂಡೆಯಾಗಿ ಉಳಿದರೆ ತೇವ ಜಾಸ್ತಿ. ಕೋಳಿ ನೀರು ಕುಡಿಯುವ ನಿಪ್ಪಲ್ ಸೋರುತ್ತಿದೆಯಾ, ಗಾಳಿ ಆಡುತ್ತಿದೆಯಾ, ನೀರಿನ ಪೈಪಿನೊಳಗೆ ಲೋಳೆ ಕಟ್ಟಿದೆಯಾ? ಇವನ್ನು ಸರಿಮಾಡಿಕೊಂಡು ಪುಡಿಯ ಮಾತಿಗೆ ಬನ್ನಿ.

ಒಂದೇ ಒಂದು ಆರಿಸಿಕೊಳ್ಳಿ

ಹತ್ತು ಹನ್ನೆರಡು ಮೂಲಿಕೆ ಸೇರಿಸಿದ ಮಿಶ್ರಣದ ಮೇಲೆ ನನಗೆ ನಂಬಿಕೆ ಕಡಿಮೆ. ಕೆಲಸ ಮಾಡಿದರೂ ಯಾವುದು ಮಾಡಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಬೆಳ್ಳುಳ್ಳಿ ಅಥವಾ ಅರಿಶಿನದಿಂದ ಶುರು ಮಾಡಿ.

ಬೆಳ್ಳುಳ್ಳಿಯ ಬಲ ಇರುವುದು ಅಲಿಸಿನ್‌ನಲ್ಲಿ. ಇಡೀ ಎಸಳಿನಲ್ಲಿ ಅದು ಇರುವುದಿಲ್ಲ, ಜಜ್ಜಿದಾಗ ಅಥವಾ ಹೆಚ್ಚಿದಾಗ ಹುಟ್ಟುತ್ತದೆ. ಹಸಿ ಬೆಳ್ಳುಳ್ಳಿ ಕುದಿಸಿದರೆ ಆ ಬಲ ಬಹುಪಾಲು ಹೋದಂತೆಯೇ. ಅರಿಶಿನದಲ್ಲಿ ಕರ್ಕ್ಯುಮಿನ್ ಇದೆ. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಬಹುಪಾಲು ಕರುಳಿನಲ್ಲೇ ಉಳಿಯುತ್ತದೆ. ನಮಗೆ ಬೇಕಾಗಿರುವುದೂ ಅಲ್ಲೇ. ಓಂಕಾಳಿನ ಘಾಟಿಗೆ ಕಾರಣ ಥೈಮಾಲ್. ಮೆಂತ್ಯವನ್ನೂ ಕೆಲವರು ಹಾಕುತ್ತಾರೆ, ಆದರೆ ಕಹಿ ಜಾಸ್ತಿಯಾದರೆ ಕೋಳಿ ಫೀಡು ಬಿಡುತ್ತದೆ. ಅಂದ ಹಾಗೆ, ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ನಮ್ಮ ಹಾಗೆ ಉರಿಯುವುದಿಲ್ಲ. ಕೋಳಿ ಮುಖ ಕಿವುಚದೆ ತಿನ್ನುತ್ತದೆ.

ಒಣಗಿಸಿ ಪುಡಿ ಮಾಡುವುದು

ಹೆಚ್ಚಿನವರು ಎಡವುವುದು ಇಲ್ಲೇ. ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ, ನೆರಳಲ್ಲಿ ಗಾಳಿಗೆ ಹರಡಿ. ಡ್ರೈಯರ್ ಇದ್ದರೆ ಬಿಸಿ 50 ಡಿಗ್ರಿ ದಾಟಬಾರದು. ಸುಡುಬಿಸಿಲಿನಲ್ಲಿ ಬೇಗ ಒಣಗುತ್ತದೆ ನಿಜ, ಆದರೆ ಘಾಟೂ ಹಾರಿಹೋಗುತ್ತದೆ. ಬಗ್ಗಿಸಿದರೆ ಪಟ್ಟನೆ ಮುರಿಯಬೇಕು, ರಬ್ಬರಿನಂತೆ ಬಾಗಿದರೆ ಇನ್ನೂ ಒಣಗಿಲ್ಲ. ಅರೆಬರೆ ಒಣಗಿದ್ದನ್ನು ಡಬ್ಬಿಗೆ ತುಂಬಿದರೆ ಬೂಷ್ಟು ಬರುತ್ತದೆ. ಬೂಷ್ಟಿನ ವಿಷ ಕೋಳಿಯ ಲಿವರಿಗೆ ಹೋದರೆ ಲಾಭದ ಮಾತು ಬಿಡಿ, ಕೋಳಿ ಉಳಿಸಿಕೊಳ್ಳುವುದೇ ಕಷ್ಟ.

ಅರಿಶಿನವನ್ನು ಇಡೀ ಕೊಂಬಾಗಿ ತಂದು ಪುಡಿ ಮಾಡಿಸುವುದು ವಾಸಿ. ಪುಡಿಗೆ ಹಳದಿ ಹೆಚ್ಚಲೆಂದು ಸೀಸದ ಬಣ್ಣ ಬೆರೆಸುವ ಕಲಬೆರಕೆ ಉಂಟು. ಪುಡಿ ನುಣ್ಣಗಿರಲಿ, ಜರಡಿ ಹಿಡಿಯಿರಿ. ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲಲ್ಲಿ ಇಟ್ಟು ತಿಂಗಳೊಳಗೆ ಮುಗಿಸಿ.

ಅಳತೆ ಮತ್ತು ಬೆರಕೆ

ಶುರುವಿಗೆ ಕೆಜಿ ಫೀಡಿಗೆ 5 ಗ್ರಾಂ ಬೆಳ್ಳುಳ್ಳಿ ಪುಡಿ ಸಾಕು, ಅಂದರೆ 50 ಕೆಜಿ ಚೀಲಕ್ಕೆ 250 ಗ್ರಾಂ. ಅರಿಶಿನವಾದರೆ ಇದರ ಅರ್ಧದಿಂದ ಶುರು ಮಾಡಿ, 125 ಗ್ರಾಂ. ಕಣ್ಣಂದಾಜು ಬೇಡ, ತೂಕ ಹಾಕಿ.

250 ಗ್ರಾಂ ಪುಡಿಯನ್ನು 50 ಕೆಜಿ ಮೇಲೆ ಚೆಲ್ಲಿ ಸಲಿಕೆ ಆಡಿಸಿದರೆ ಒಂದು ಕೋಳಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು ಪುಡಿಯನ್ನು 1 ಕೆಜಿ ಫೀಡಿನಲ್ಲಿ ಚೆನ್ನಾಗಿ ಕಲಸಿ. ಅದನ್ನು 5 ಕೆಜಿಗೆ ಸೇರಿಸಿ ಮತ್ತೆ ಕಲಸಿ. ಆಮೇಲೆ ಉಳಿದದ್ದಕ್ಕೆ. ಅರಿಶಿನದಲ್ಲಿ ಒಂದು ಅನುಕೂಲವಿದೆ, ಬೆರೆತಿದೆಯೋ ಇಲ್ಲವೋ ಅದರ ಬಣ್ಣವೇ ಹೇಳುತ್ತದೆ. ರಾಶಿಯ ಐದಾರು ಕಡೆಯಿಂದ ಒಂದೊಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಉದುರಿಸಿ. ಒಂದು ಹಿಡಿ ಹಳದಿ, ಇನ್ನೊಂದು ಪೇಲವ ಕಂಡರೆ ಮತ್ತೆ ಕಲಸಿ.

ಪೆಲೆಟ್ ಫೀಡಾದರೆ (ಒತ್ತಿ ಕಾಳಿನಂತೆ ಮಾಡಿದ್ದು) ಪುಡಿ ಅಂಟದೆ ಫೀಡರಿನ ತಳಕ್ಕಿಳಿಯುತ್ತದೆ, ಕೋಳಿ ಕಾಳು ಆರಿಸಿ ತಿಂದು ಪುಡಿ ಬಿಡುತ್ತದೆ. 50 ಕೆಜಿಗೆ ಕಾಲು ಲೀಟರ್ ಅಡುಗೆ ಎಣ್ಣೆ ಸವರಿ, ಮೇಲೆ ಪುಡಿ ಉದುರಿಸಿ ಕಲಸಿ. ಎಣ್ಣೆ ಕಮಟು ಹಿಡಿಯುವ ಮೊದಲು, ನಾಲ್ಕೈದು ದಿನದಲ್ಲಿ ಖಾಲಿಯಾಗುವಷ್ಟೇ ಮಾಡಿಕೊಳ್ಳಿ.

ನೀರಲ್ಲಿ ಕಷಾಯ ಕೊಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಕೊಡಬಹುದು, ಆದರೆ ನನ್ನ ಒಲವು ಫೀಡಿನ ಕಡೆಗೇ. ಕಷಾಯದ ಗಸಿ ನಿಪ್ಪಲ್ ಕಟ್ಟಿಸುತ್ತದೆ, ಪೈಪಿನಲ್ಲಿ ಲೋಳೆ ಬೆಳೆಸುತ್ತದೆ. ಕೊಡಲೇಬೇಕೆಂದರೆ ಬಟ್ಟೆಯಲ್ಲಿ ಸೋಸಿ, ತೊಳೆಯಲು ಬರುವ ಬಿಡಿ ಡ್ರಿಂಕರಿನಲ್ಲಿ ಬೆಳಿಗ್ಗೆ ಮೂರ್ನಾಲ್ಕು ಗಂಟೆ ಇಟ್ಟು ತೆಗೆಯಿರಿ. ನೀರಲ್ಲಿ ಲಸಿಕೆ ಕೊಡುವ ಹಿಂದಿನ ದಿನ, ಆ ದಿನ, ಮರುದಿನ ಕಷಾಯ ಬೇಡವೇ ಬೇಡ.

ಯಾವಾಗಿನಿಂದ?

ಮೊದಲ ಮೂರು ದಿನ ಮರಿ ತಿನ್ನಲು ಕಲಿಯಲಿ. ಶೆಡ್ಡಿಗೆ ಬಿಟ್ಟ 24 ಗಂಟೆಗೆ ಮರಿಗಳ ಕುತ್ತಿಗೆ ಬುಡದ ಚೀಲ ಮುಟ್ಟಿ ನೋಡಿ. ನೂರರಲ್ಲಿ 95ರದ್ದಾದರೂ ಮೆತ್ತಗೆ ತುಂಬಿರಬೇಕು. ಬರೀ ನೀರಿದ್ದರೆ ಫೀಡು ಸಿಕ್ಕಿಲ್ಲ, ಗಟ್ಟಿ ಕಾಳಿದ್ದರೆ ನೀರು ಸಿಕ್ಕಿಲ್ಲ. ನಾಲ್ಕನೇ ದಿನದಿಂದ ಅರ್ಧ ಅಳತೆ, ಎರಡನೇ ವಾರದಿಂದ ಪೂರ್ತಿ. ಪುಡಿ ಶುರುವಾದ ಮೇಲೆ ಫೀಡು ತಿನ್ನುವುದು ಇಳಿದರೆ ಅಳತೆ ತಗ್ಗಿಸಿ.

ಲೆಕ್ಕ ಇಡಿ

ಒಂದೇ ಶೆಡ್ಡಿನಲ್ಲಿ ಬಲೆ ಕಟ್ಟಿ ಎರಡು ಭಾಗ ಮಾಡಿ. ಮರಿ ಒಂದೇ ಬ್ಯಾಚಿನದು, ಫೀಡೂ ಒಂದೇ. ಒಂದು ಕಡೆಗೆ ಪುಡಿ, ಇನ್ನೊಂದು ಕಡೆಗೆ ಇಲ್ಲ. ವಾರಕ್ಕೊಮ್ಮೆ ಅದೇ ಹೊತ್ತಿಗೆ ಎರಡೂ ಕಡೆ ಸುಮಾರು 50 ಕೋಳಿ ತೂಗಿ. ತಿಂದ ಫೀಡನ್ನು ಹೆಚ್ಚಿದ ತೂಕದಿಂದ ಭಾಗಿಸಿದರೆ ಎಫ್‌ಸಿಆರ್, ಅಂದರೆ ಒಂದು ಕೆಜಿ ತೂಕ ಬರಲು ಬೇಕಾದ ಫೀಡಿನ ಲೆಕ್ಕ, ಸಿಗುತ್ತದೆ. 3.2 ಕೆಜಿ ತಿಂದು 2 ಕೆಜಿ ತೂಗಿದರೆ 1.6. ಈ ಅಂಕಿ ಇಳಿದಷ್ಟೂ ಒಳ್ಳೆಯದು. ಒಂದು ಬ್ಯಾಚಿನಲ್ಲಿ ಚೂರು ವ್ಯತ್ಯಾಸ ಕಂಡರೆ ನಂಬಬೇಡಿ, ಎರಡು ಮೂರು ಬ್ಯಾಚಿನಲ್ಲಿ ಅದೇ ಬಂದರೆ ನಂಬಿ. ಪುಡಿಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಏನೂ ವ್ಯತ್ಯಾಸವಿಲ್ಲದಿದ್ದರೆ ಸುಮ್ನೆ ದುಡ್ಡು ಹಾಕಬೇಡಿ.

ಇನ್ನೊಂದು. ಹಿಕ್ಕೆಯಲ್ಲಿ ರಕ್ತ ಕಂಡರೆ, ಕೋಳಿ ರೆಕ್ಕೆ ಜೋಲಿಸಿ ಮೂಲೆ ಹಿಡಿದರೆ, ಸಾವು ದಿನದಿಂದ ದಿನಕ್ಕೆ ಏರಿದರೆ ಅದು ಕಾಕ್ಸಿಡಿಯೋಸಿಸ್ (ಕರುಳಿನ ಪರಜೀವಿ ರೋಗ) ಅಥವಾ ಕರುಳು ಕೊಳೆಸುವ ರೋಗ ಇರಬಹುದು. ಬೆಳ್ಳುಳ್ಳಿ ಜಾಸ್ತಿ ಮಾಡಿ ನೋಡೋಣ ಅಂತ ಕಾಯಬೇಡಿ. ಅಂದು ಸತ್ತ ಕೋಳಿಯನ್ನು ತಂಪಾಗಿಟ್ಟು ಪಶುವೈದ್ಯರ ಹತ್ತಿರ ಒಯ್ಯಿರಿ. ಕರುಳು ಬಿಡಿಸಿ ನೋಡಿದರೆ ಅವರಿಗೆ ರೋಗದ ಜಾಡು ಬೇಗ ಸಿಗುತ್ತದೆ.