ಮನೆಯ ಮಾಡು (ಚಾವಣಿ) ಬದಲಿಸುವ ಮೊದಲು ಹಂಚಿನ ಕೆಳಗೆ ನೋಡಿ

ಅಡಿಕೆ ಕೊಯ್ಲು ಮುಗಿಯುತ್ತಿದ್ದ ಹಾಗೆ ನಮ್ಮ ಕಡೆ ಮನೆಮನೆಯಲ್ಲೂ ಒಂದು ಮಾತು ಏಳುತ್ತದೆ: ‘ಈ ವರ್ಷ ಮಾಡಿಗೆ ಏನಾದರೂ ಮಾಡಲೇಬೇಕು.’ ಆಮೇಲೆ ಎಲ್ಲರೂ ಕೇಳುವುದು ಹಂಚಿಗೆ ಎಷ್ಟು, ಶೀಟಿಗೆ ಎಷ್ಟು ಅಂತ. ಕುಮಟಾ ಹತ್ತಿರದ ನಮ್ಮ ಹಳೆ ಮನೆಗೆ ನಾವೂ ಅಲ್ಲಿಂದಲೇ ಶುರು ಮಾಡಿದೆವು. ಕೆಲಸ ಮುಗಿಯುವಾಗ ಖರ್ಚು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿಯಾಗಿತ್ತು. ಹಂಚಿನ ರೇಟು ಏರಿರಲಿಲ್ಲ. ಹಂಚಿನ ಕೆಳಗಿನ ಮರ ಹೋಗಿತ್ತು, ಅದನ್ನು ನಾವು ಮೊದಲೇ ನೋಡಿರಲಿಲ್ಲ.

ಮಳೆಗಾಲದಲ್ಲೇ ಗುರುತು ಹಾಕಿ

ಖರ್ಚಿನ ಲೆಕ್ಕ ಶುರುವಾಗಬೇಕಾದ್ದು ಜುಲೈ ತಿಂಗಳಲ್ಲಿ. ಜೋರು ಮಳೆ ಬರುವಾಗ ಬ್ಯಾಟರಿ ಹಿಡಿದು ಅಟ್ಟ ಹತ್ತಿ. ನೀರು ಎಲ್ಲಿ ಕಾಣುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗೀಟು ಎಳೆಯಿರಿ. ತೊಟ್ಟಿಕ್ಕುವ ಜಾಗದಲ್ಲೇ ತೂತು ಇರುತ್ತದೆ ಅಂದುಕೊಳ್ಳಬೇಡಿ. ನೀರು ರೀಪಿನ (ಹಂಚು ಕೂರುವ ಅಡ್ಡಪಟ್ಟಿ) ಗುಂಟ, ಪಕಾಸಿನ (ರೀಪನ್ನು ಹೊರುವ ಇಳಿಜಾರು ಮರ) ಗುಂಟ ಇಳಿದು ಬಂದು ಎಲ್ಲೋ ಬೀಳುತ್ತದೆ. ಗೀಟಿನಿಂದ ಮೇಲಕ್ಕೆ ಹುಡುಕಿಕೊಂಡು ಹೋಗಬೇಕು. ಬೇಸಿಗೆಯಲ್ಲಾದರೆ ಅಟ್ಟದ ಕತ್ತಲಲ್ಲಿ ನಿಂತು ನೋಡಿ, ಬಿಸಿಲಿನ ಚುಕ್ಕೆಗಳು ಕಾಣುತ್ತವೆ.

ಗುರುತು ಹತ್ತಿಪ್ಪತ್ತು ಕಡೆ ಮಾತ್ರ ಇದ್ದು ಮರ ಗಟ್ಟಿಯಿದ್ದರೆ ಪೂರ್ತಿ ಮಾಡು ಬದಲಿಸುವ ಅಗತ್ಯವೇ ಇಲ್ಲ. ಮಂಗ ಹಾರಿ ಒಡೆದ ಹಂಚು ತೆಗೆದು, ಕಸ ಗುಡಿಸಿ, ಒಂದು ಸಲ ಹಂಚು ಕೈಯಾಡಿಸಿದರೆ (ಎತ್ತಿ ಮತ್ತೆ ಸರಿಯಾಗಿ ಜೋಡಿಸಿದರೆ) ಸಾಕು.

ಮರ ಚುಚ್ಚಿ ನೋಡಿ

ಇದೇ ಮುಖ್ಯ ಹಂತ, ಅವಸರ ಮಾಡಬೇಡಿ. ಮಾಡಿನ ಮರ ಸಾಮಾನ್ಯವಾಗಿ ನಡುವಿನಲ್ಲಿ ಹಾಳಾಗುವುದಿಲ್ಲ. ಪಕಾಸು ಗೋಡೆಯ ಮೇಲೆ ಕೂರುವ ಜಾಗ, ಸೂರಿನ ತುದಿ, ನೆತ್ತಿಯ ತೊಲೆ, ಎರಡು ಮಾಡು ಕೂಡುವ ಮೂಲೆ, ಈ ನಾಲ್ಕು ಕಡೆ ನೀರು ನಿಂತು ಮೆದುವಾಗುತ್ತದೆ. ಒಂದೊಂದು ಕಡೆ ನಾಲ್ಕಾರು ಹಂಚು ಎತ್ತಿಸಿ ಸ್ಕ್ರೂ ಡ್ರೈವರಿನಿಂದ ಚುಚ್ಚಿ. ಸಲೀಸಾಗಿ ಒಳಗೆ ಹೋದರೆ ಆ ಮರ ಮುಗಿಯಿತು. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಒರಲೆ (ಗೆದ್ದಲು) ತಿಂದಿದೆ.

ನಮ್ಮ ಮನೆಯಲ್ಲಿ ಕೆಳಗಿನಿಂದ ಕಪ್ಪಗೆ ಗಟ್ಟಿಯಾಗಿ ಕಾಣುತ್ತಿದ್ದ ಪಕಾಸುಗಳ ತುದಿ ಗೋಡೆಯ ಮೇಲೆ ಹಿಟ್ಟಾಗಿತ್ತು. ಗೊತ್ತಾದದ್ದು ಹಂಚೆಲ್ಲ ಇಳಿಸಿದ ಮೇಲೆ, ಮೇ ಎರಡನೇ ವಾರದಲ್ಲಿ. ಆಗ ಮರ ಹುಡುಕುವವನ ಕೈಯಲ್ಲಿ ಚೌಕಾಸಿ ಮಾಡಲು ಏನೂ ಉಳಿದಿರುವುದಿಲ್ಲ, ಅಲ್ವಾ? ಸ್ವಂತ ಜಾಗದ ಮರ ಕಡಿಸುವ ಯೋಚನೆ ಇದ್ದರೂ ಅರಣ್ಯ ಇಲಾಖೆಯ ಅನುಮತಿ ಬೇಕಾಗಬಹುದು. ಆ ಓಡಾಟಕ್ಕೆ ತಿಂಗಳುಗಳನ್ನೇ ಇಟ್ಟುಕೊಳ್ಳಿ.

ಅಳತೆ ನೀವೇ ಮಾಡಿ

ನೆಲದ ಅಳತೆ ಬೇರೆ, ಮಾಡಿನ ಅಳತೆ ಬೇರೆ. 30 ಅಡಿ ಅಗಲ, 40 ಅಡಿ ಉದ್ದದ ಮನೆಯ ನೆಲ 1,200 ಚದರಡಿ. ಸುತ್ತ ಎರಡೂವರೆ ಅಡಿ ಸೂರು ಬಿಟ್ಟು, 30 ಡಿಗ್ರಿ ಇಳಿಜಾರು ಹಿಡಿದರೆ ಮಾಡು ಸುಮಾರು 1,820 ಚದರಡಿ ಆಗುತ್ತದೆ. ಲೆಕ್ಕ ಸುಲಭ: ನೆತ್ತಿಯಿಂದ ಸೂರಿನ ತುದಿವರೆಗೆ ಟೇಪು ಹಿಡಿಯಿರಿ, ಮಾಡಿನ ಉದ್ದದಿಂದ ಗುಣಿಸಿ, ಎರಡೂ ಬದಿ ಕೂಡಿಸಿ. ಒಬ್ಬರು 1,200 ಅಡಿಗೆ, ಇನ್ನೊಬ್ಬರು 1,820 ಅಡಿಗೆ ರೇಟು ಹೇಳಿದರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಮೊದಲನೆಯವರು ಅಗ್ಗ ಅನಿಸಿದರೂ ಬಿಲ್ಲು ಬರುವಾಗ ಅಳತೆ ಬದಲಾಗುತ್ತದೆ.

ಮಂಗಳೂರು ಹಂಚು 100 ಚದರಡಿಗೆ 150ರ ಹತ್ತಿರ ಬೇಕು. ಒಡೆಯುವುದಕ್ಕೆ ನೂರಕ್ಕೆ ಐದು ಸೇರಿಸಿ. ಮೇಲಿನ ಮನೆಗೆ 2,850ರಿಂದ 2,900 ಹಂಚು. ನೆತ್ತಿಗೆ ಹಾಕುವ ಹಂಚನ್ನು ಬೇರೆಯಾಗಿ ಎಣಿಸಿ.

ಹಂಚೋ, ಶೀಟೋ?

ಹಂಚು ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ ಆ ಮಾಡಿನ ಮೇಲೆ ಏಳು ಟನ್ ಕೂರುತ್ತದೆ. ಮಳೆ ಕುಡಿದಾಗ ಇನ್ನೂ ಜಾಸ್ತಿ. ಅಷ್ಟೇ ಜಾಗಕ್ಕೆ ಉಕ್ಕಿನ ಶೀಟು ಒಂದು ಟನ್ನೂ ಆಗುವುದಿಲ್ಲ. ಮರ ದುರ್ಬಲವಾಗಿರುವ ಮನೆಗೆ ಶೀಟು ಅಗ್ಗ ಬೀಳುವುದಕ್ಕೆ ಇದೇ ಕಾರಣ. ಆದರೆ ಬೇಸಿಗೆಯ ಸೆಕೆ, ಮಳೆಯ ಸದ್ದು ಎರಡನ್ನೂ ತಡೆಯಲು ಒಳಗೆ ಸೀಲಿಂಗ್ ಬೇಕು. ಅದರ ಖರ್ಚನ್ನೂ ಶೀಟಿನ ಲೆಕ್ಕಕ್ಕೇ ಸೇರಿಸಿ. ಮರ ಗಟ್ಟಿಯಿದ್ದರೆ ನಾನಂತೂ ಹಂಚನ್ನೇ ಉಳಿಸಿಕೊಳ್ಳಿ ಅನ್ನುತ್ತೇನೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಅಂಥ ಹಳೆ ಹಂಚು ಈಗಲೂ ಎಷ್ಟೋ ಮನೆಗಳ ಮೇಲಿದೆ. ಬೆರಳಿನಿಂದ ಬಡಿದರೆ ಕಂಚಿನ ಹಾಗೆ ಠಣ್ ಅನ್ನುವ ಹಂಚನ್ನು ಯಾರಿಗೂ ಕೊಡಬೇಡಿ, ತೊಳೆದು ಮತ್ತೆ ಹಾಕಿ.

ಹೊಸ ಹಂಚು ಸೇರಿಸುವಾಗ ಒಂದು ಎಚ್ಚರ. ಒಂದು ಕಾರ್ಖಾನೆಯ ಹಂಚಿಗೆ ಇನ್ನೊಂದರ ತೋಡು ಕೂರುವುದಿಲ್ಲ. ಮೊದಲು ಐದಾರು ತಂದು ಹಳೆಯದಕ್ಕೆ ಜೋಡಿಸಿ ನೋಡಿ. ಹೊಸದನ್ನೆಲ್ಲ ಮಾಡಿನ ಒಂದೇ ಬದಿಗೆ ಹಾಕಿದರೆ ಈ ತೊಂದರೆಯೇ ಇಲ್ಲ. ಹಂಚು ಬದಲಾದರೆ ರೀಪಿನ ಅಂತರವೂ ಬದಲಾಗುತ್ತದೆ, ಅದಕ್ಕೂ ಕೂಲಿ ಇದೆ.

ಕಾರವಾರ, ಅಂಕೋಲಾ, ಗೋಕರ್ಣದಲ್ಲಿ ಕಡಲಿನ ಹತ್ತಿರ ಮನೆ ಇದ್ದರೆ ಉಪ್ಪುಗಾಳಿಯ ಲೆಕ್ಕ ಹಾಕಲೇಬೇಕು. ಶೀಟಿಗಿಂತ ಮೊದಲು ತುಕ್ಕು ಹಿಡಿಯುವುದು ಸ್ಕ್ರೂ. ಅಲ್ಲಿಂದಲೇ ಸೋರಲು ಶುರು. ಒಳ್ಳೆಯ ಸ್ಕ್ರೂ, ರಬ್ಬರ್ ವಾಷರಿಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಶೀಟಿನ ದಪ್ಪ ಬಣ್ಣ ಸೇರಿಸಿ ಎಷ್ಟು, ಬಿಟ್ಟು ಎಷ್ಟು ಅಂತ ಎರಡನ್ನೂ ಕೇಳಿ. ಹಳೆಯ ಸಿಮೆಂಟ್ ಶೀಟು ತೆಗೆಸುವುದಿದ್ದರೆ ಒಡೆಯಲು ಬಿಡಬೇಡಿ. ಅದರಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಲಿ.

ಚೀಟಿಯಲ್ಲಿ ಏನೇನು ಇರಬೇಕು

ಇಬ್ಬರು ಮೂವರು ಗುತ್ತಿಗೆದಾರರಿಂದ ಖರ್ಚಿನ ಚೀಟಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಹಳೆ ಹಂಚು ಇಳಿಸುವ ಕೂಲಿ, ಸಾಗಾಟ, ಗೋಡೆಯ ತಲೆ ಸರಿಮಾಡುವ ಗಾರೆ ಕೆಲಸ, ಸೂರಿನ ನೀರು ಹಿಡಿಯುವ ದೋಣಿ ಮತ್ತು ಪೈಪು, ಒರಲೆ ಔಷಧ, ಟಾರ್ಪಾಲು, ಕೆಲಸದವರ ಊಟ, ಇವೇ ಬಿಟ್ಟುಹೋಗುವುದು. ಜಿಎಸ್‌ಟಿ ಸೇರಿದ ರೇಟೋ ಅಂತಲೂ ಕೇಳಿ. ಉಕ್ಕಿಗೆ ಅದು 18 ಶೇಕಡಾ. ಒಳಗೆ ಹಾಳಾದ ಮರ ಸಿಕ್ಕರೆ ಅಡಿಗೆ ಎಷ್ಟು ಅನ್ನುವುದನ್ನು ಮೊದಲೇ ಬರೆಸಿಡಿ. ನಾವು ಇದೊಂದು ಸಾಲು ಬರೆಸದೆ ಕೆಟ್ಟೆವು.

ಯಾವಾಗ?

ಜನವರಿಯಿಂದ ಮಾರ್ಚ್ ಒಳಗೆ. ಏಪ್ರಿಲ್ ದಾಟಿದರೆ ಕೆಲಸದವರು ಸಿಗುವುದಿಲ್ಲ. ಜೂನಿನ ಮಳೆಯವರೆಗೆ ಸಮಯವಿದೆ ಅಂತ ಸುಮ್ನೆ ಕೂರಬೇಡಿ. 2021ರಲ್ಲಿ ತೌಕ್ತೆ ಚಂಡಮಾರುತ ಬಂದದ್ದು ಮೇ ತಿಂಗಳ ನಡುವೆ. ಒಂದೇ ಸಲ ಇಡೀ ಮಾಡು ಬಿಚ್ಚದೆ, ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿಸಿ.

ದುಡ್ಡನ್ನು ಕಂತಿನಲ್ಲಿ ಕೊಡಿ. ಕೊನೆಯ ಕಂತು ಮೊದಲ ದೊಡ್ಡ ಮಳೆಯ ನಂತರ ಅಂತ ಮೊದಲೇ ಮಾತಾಡಿಕೊಳ್ಳಿ. ಆ ದಿನ ಬ್ಯಾಟರಿ, ಸೀಮೆಸುಣ್ಣ ಹಿಡಿದು ಮತ್ತೆ ಅಟ್ಟ ಹತ್ತಿ.