ಡಿಸ್ನಿ ವಿಲ್ಲಾ: ಮಂಚ ಎಣಿಸಬೇಡಿ, ಬಾಗಿಲು ಎಣಿಸಿ

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಡಿಸ್ನಿ ವೆಕೇಶನ್ ಕ್ಲಬ್ಬಿನ ವಿಲ್ಲಾ ಹುಡುಕುವವರು ಸಾಮಾನ್ಯವಾಗಿ ಮೊದಲು ನೋಡುವುದು ಎಷ್ಟು ಜನ ಮಲಗಬಹುದು ಅನ್ನುವ ಅಂಕಿ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಬಾತ್‌ರೂಮ್ ಎಷ್ಟಿವೆ, ಅವುಗಳ ಬಾಗಿಲು ಹಾಲ್‌ಗೆ ತೆರೆಯುತ್ತದೋ ಮಲಗುವ ಕೋಣೆಯೊಳಕ್ಕೋ, ಒಲೆ ಇದೆಯೋ ಬರೀ ಮೈಕ್ರೋವೇವೋ, ಎರಡು ಕೋಣೆಗಳ ನಡುವೆ ಗೋಡೆಯೋ ಬಾಗಿಲೋ: ಪಾಯಿಂಟಿಗೆ ತಕ್ಕ ಬೆಲೆ ಸಿಕ್ಕಿತೋ ಇಲ್ಲವೋ ಅನ್ನುವುದು ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ಹೊಸಬರಿಗೆ ಎರಡು ಮಾತು. ಈ ಟೈಮ್‌ಶೇರ್ (ರಜೆಯ ಮನೆಯಲ್ಲಿ ಉಳಿಯುವ ಹಕ್ಕನ್ನು ಹಲವರು ಹಂಚಿಕೊಂಡು ಕೊಳ್ಳುವ ಪದ್ಧತಿ) 1991ರಲ್ಲಿ, ಇವತ್ತು ಓಲ್ಡ್ ಕೀ ವೆಸ್ಟ್ ಅನ್ನುವ ರೆಸಾರ್ಟ್‌ನಿಂದ ಶುರುವಾಯಿತು. ಇಲ್ಲಿ ವರ್ಷಕ್ಕೊಂದು ನಿಗದಿತ ವಾರವನ್ನು ಕೊಳ್ಳುವುದಿಲ್ಲ, ಪಾಯಿಂಟ್ ಕೊಳ್ಳುತ್ತೀರಿ. ಪ್ರತಿ ವರ್ಷ ಅಷ್ಟು ಪಾಯಿಂಟ್ ನಿಮ್ಮ ಖಾತೆಗೆ ಬರುತ್ತದೆ, ಕೋಣೆಯ ಬಗೆ, ಕಿಟಕಿಯ ನೋಟ, ತಿಂಗಳು, ವಾರದ ದಿನ ನೋಡಿ ಅದು ಖರ್ಚಾಗುತ್ತದೆ. ಶುಕ್ರವಾರ, ಶನಿವಾರದ ರಾತ್ರಿಗಳಿಗೆ ಪಾಯಿಂಟ್ ಜಾಸ್ತಿ. ಭಾನುವಾರ ಇಳಿದು ಶುಕ್ರವಾರ ಹೊರಟರೆ ಆ ಎರಡು ರಾತ್ರಿಯ ಹೆಚ್ಚುವರಿ ಉಳಿಯುತ್ತದೆ. ಸದಸ್ಯರಲ್ಲದವರು ಸದಸ್ಯರಿಂದ ಪಾಯಿಂಟ್ ಬಾಡಿಗೆಗೆ ಪಡೆದೂ ಉಳಿಯಬಹುದು.

ಕೋಣೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ: ಸ್ಟುಡಿಯೋ (ಒಂದೇ ಕೋಣೆಯದು), 1 ಬೆಡ್‌ರೂಮ್, 2 ಬೆಡ್‌ರೂಮ್, 3 ಬೆಡ್‌ರೂಮಿನ ಗ್ರ್ಯಾಂಡ್ ವಿಲ್ಲಾ. ಪಾಯಿಂಟ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಒಂದು ಅನುಪಾತ ಎದ್ದು ಕಾಣುತ್ತದೆ. ಸ್ಟುಡಿಯೋ 100 ಅಂದುಕೊಂಡರೆ 1 ಬೆಡ್‌ರೂಮ್ 200ರ ಆಸುಪಾಸು, 2 ಬೆಡ್‌ರೂಮ್ 270ರ ಆಸುಪಾಸು, ಗ್ರ್ಯಾಂಡ್ ವಿಲ್ಲಾ ಸಾಮಾನ್ಯವಾಗಿ 500 ದಾಟುತ್ತದೆ. ರೆಸಾರ್ಟ್‌ನಿಂದ ರೆಸಾರ್ಟ್‌ಗೆ ಸ್ವಲ್ಪ ಆಚೀಚೆ ಆದರೂ ಲೆಕ್ಕದ ಆಕಾರ ಇದೇ.

ಈಗ 1 ಬೆಡ್‌ರೂಮ್ ನೋಡಿ. ಪಾಯಿಂಟ್ ದುಪ್ಪಟ್ಟು, ಮಲಗುವವರ ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಸ್ಟುಡಿಯೋದ್ದೇ, ನಾಲ್ಕೋ ಐದೋ. ಆ ಇನ್ನೊಂದು ನೂರು ಪಾಯಿಂಟಿಗೆ ಸಿಗುವುದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಕಿಂಗ್ ಸೈಜ್ ಮಂಚ, ಪೂರ್ತಿ ಅಡುಗೆಮನೆ, ವಿಲ್ಲಾದೊಳಗೇ ವಾಷರ್, ಡ್ರೈಯರ್. ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಹತ್ತಕ್ಕೆ ಬರುವ ಕುಟುಂಬಕ್ಕೆ ಇದರಲ್ಲಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಮಧ್ಯಾಹ್ನ ಮಲಗುವ ಮಗುವಿದ್ದರೆ, ದಿನಕ್ಕೊಂದು ಊಟವನ್ನಾದರೂ ಮನೆಯಲ್ಲಿ ಮಾಡುವವರಾದರೆ ಲೆಕ್ಕ ತಿರುಗುತ್ತದೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತಿ ದುಬಾರಿ ಬಾಗಿಲು ಈ 1 ಬೆಡ್‌ರೂಮಿನದು.

ಇದಕ್ಕೆರಡು ಅಪವಾದಗಳಿವೆ: ಬೇ ಲೇಕ್ ಟವರ್ ಮತ್ತು ಅನಿಮಲ್ ಕಿಂಗ್‌ಡಮ್ ವಿಲ್ಲಾಸ್‌ನ ಕಿಡಾನಿ ವಿಲೇಜ್. ಎರಡೂ 2009ರಲ್ಲಿ ತೆರೆದವು. ಇಲ್ಲಿ 1 ಬೆಡ್‌ರೂಮಿಗೇ ಎರಡು ಬಾತ್‌ರೂಮ್, 2 ಬೆಡ್‌ರೂಮಿಗೆ ಮೂರು. ಹಾಲ್‌ನ ಸೋಫಾದಲ್ಲಿ ಮಲಗಿದವರು ರಾತ್ರಿ ಎದ್ದರೆ ಇನ್ನೊಬ್ಬರ ಮಂಚದ ಪಕ್ಕ ಹಾದುಹೋಗಬೇಕಿಲ್ಲ. ಕಿಡಾನಿಯ ಪಕ್ಕದಲ್ಲೇ ಇರುವ ಜಾಂಬೋ ಹೌಸ್‌ನ 1 ಬೆಡ್‌ರೂಮಿನಲ್ಲಿ ಈ ಎರಡನೇ ಬಾತ್‌ರೂಮ್ ಇಲ್ಲ. ಎರಡಕ್ಕೂ ರೆಸಾರ್ಟ್ ಹೆಸರು ಒಂದೇ, ನಕ್ಷೆ ಬೇರೆ. ಬುಕ್ ಮಾಡುವಾಗ ಕಟ್ಟಡದ ಹೆಸರನ್ನೂ ನೋಡಿಯೇ ಒತ್ತಬೇಕು.

ಬಾತ್‌ರೂಮಿಗೆ ಇಷ್ಟು ಒತ್ತು ಯಾಕೆಂದರೆ, ಡಿಸ್ನಿಯ ಹೋಟೆಲ್‌ಗಳಲ್ಲಿ ಉಳಿದವರಿಗೆ ಪಾರ್ಕಿನೊಳಕ್ಕೆ ಅರ್ಧ ಗಂಟೆ ಮುಂಚೆ ಬಿಡುತ್ತಾರೆ. ಜನ ಕಡಿಮೆ ಇರುವ ಆ ಅರ್ಧ ಗಂಟೆಗೆ ಬಹಳ ಬೆಲೆ. ಎಂಟು ಜನ ಒಂದೇ ಹೊತ್ತಿಗೆ ಸ್ನಾನ ಮುಗಿಸಿ ಬಸ್ಸು ಹಿಡಿಯಬೇಕು. ಒಬ್ಬರಿಗೆ ಹದಿನೈದು ನಿಮಿಷ ಅಂದರೂ ಎರಡು ಬಾತ್‌ರೂಮಿದ್ದಲ್ಲಿ ಒಂದು ಗಂಟೆ, ಮೂರಿದ್ದಲ್ಲಿ ಮುಕ್ಕಾಲು ಗಂಟೆ. ಬೆಳಗಿನ ಆರು ಗಂಟೆಗೆ ಆ ಕಾಲು ಗಂಟೆಯ ನಿದ್ದೆ ಸಣ್ಣದಲ್ಲ.

ಅಡುಗೆ ಬೇಡ, ಐದು ಜನ ಇದ್ದೇವೆ ಅನ್ನುವವರಿಗೆ ನಾನು ತೋರಿಸುವುದು ಪಾಲಿನೇಷಿಯನ್ ರೆಸಾರ್ಟ್‌ನ ಹಳೆಯ ಕಟ್ಟಡಗಳ ಸ್ಟುಡಿಯೋ. ಸ್ಟುಡಿಯೋಗಳ ಪೈಕಿ ಇದು ದೊಡ್ಡದು, ಜೊತೆಗೆ ಬಾತ್‌ರೂಮ್ ಎರಡು ಭಾಗವಾಗಿದೆ: ಒಂದರಲ್ಲಿ ಶವರ್, ಸಿಂಕ್, ಇನ್ನೊಂದರಲ್ಲಿ ಟಬ್, ಸಿಂಕ್, ಟಾಯ್ಲೆಟ್. ಇಬ್ಬರು ಏಕಕಾಲಕ್ಕೆ ತಯಾರಾಗಬಹುದು. ಗ್ರ್ಯಾಂಡ್ ಫ್ಲೊರಿಡಿಯನ್‌ನಲ್ಲಿ 2022ರಲ್ಲಿ ಬಂದ 'ರೆಸಾರ್ಟ್ ಸ್ಟುಡಿಯೋ' ಇದೇ ಜಾತಿಯದು ಅಂದುಕೊಳ್ಳಬೇಡಿ. ಅದು ಹಳೆಯ ಹೋಟೆಲ್ ಕೋಣೆಯನ್ನು ಬದಲಾಯಿಸಿ ಮಾಡಿದ್ದು, ಅಲ್ಲಿ ಫ್ರಿಜ್, ಕಾಫಿ ಮೇಕರ್ ಬಿಟ್ಟರೆ ಅಡುಗೆಯ ಮೂಲೆ ಇಲ್ಲ. ರಿವಿಯೇರಾದ ಟವರ್ ಸ್ಟುಡಿಯೋ ಇಬ್ಬರಿಗೆ ಮಾತ್ರ, ಗೋಡೆಯಿಂದ ಇಳಿಸುವ ಮಂಚ. ಮಂಚ ಇಳಿಸಿದ ಮೇಲೆ ಸೋಫಾ ಇರುವುದಿಲ್ಲ. ಗಂಡ ಹೆಂಡತಿಗೆ ಸಾಕು, ಒಬ್ಬರು ಬೇಗ ಮಲಗಿ ಇನ್ನೊಬ್ಬರು ಓದುತ್ತ ಕೂರುವ ಅಭ್ಯಾಸವಿದ್ದರೆ ಸಾಲದು.

ನಿಜವಾದ ಉಳಿತಾಯ 2 ಬೆಡ್‌ರೂಮಿನಲ್ಲಿದೆ, ಎರಡು ಸಂಸಾರ ಜೊತೆಗೆ ಹೋಗುವುದಾದರೆ. ಮೇಲಿನ ಅನುಪಾತದಲ್ಲೇ ಲೆಕ್ಕ ಹಾಕಿ. ಎರಡು ಸ್ಟುಡಿಯೋ ಅಂದರೆ 200. ಒಂದು 2 ಬೆಡ್‌ರೂಮ್ ಅಂದರೆ 270, ತಲಾ 135. ಅಂದರೆ ಸಂಸಾರಕ್ಕೆ 35 ಪಾಯಿಂಟ್ ಹೆಚ್ಚು ಕೊಟ್ಟು ಹಾಲ್, ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಎಲ್ಲ ಸಿಕ್ಕಿತು. 1 ಬೆಡ್‌ರೂಮಿನಲ್ಲಿ ಇದೇ ಸೌಕರ್ಯಕ್ಕೆ 100 ತೆತ್ತಿದ್ದಿರಿ. ಒಂದು ಸ್ಟುಡಿಯೋ, ಒಂದು 1 ಬೆಡ್‌ರೂಮ್ ಅಂತ ಬೇರೆ ಬೇರೆ ಬುಕ್ ಮಾಡಿದರೆ 300 ಆಗುತ್ತದೆ, ಮೇಲಾಗಿ ಎರಡೂ ಅಕ್ಕಪಕ್ಕ ಸಿಗುವ ಖಾತರಿ ಇಲ್ಲ.

2 ಬೆಡ್‌ರೂಮಿನಲ್ಲೂ ಎರಡು ನಕ್ಷೆ. 'ಲಾಕ್ ಆಫ್' ಅನ್ನುವುದು ಸ್ಟುಡಿಯೋವನ್ನು 1 ಬೆಡ್‌ರೂಮಿಗೆ ನಡುಬಾಗಿಲಿನಿಂದ ಜೋಡಿಸಿದ್ದು. ಎರಡನೇ ಕೋಣೆಗೆ ಕಾರಿಡಾರ್‌ನಿಂದಲೇ ಸ್ವಂತ ಬಾಗಿಲು, ಸ್ವಂತ ಸಣ್ಣ ಫ್ರಿಜ್, ಮೈಕ್ರೋವೇವ್. ಮಂಚ ಮಾತ್ರ ಒಂದು ಕ್ವೀನ್, ಇನ್ನೊಂದು ಸೋಫಾ ಅಥವಾ ಗೋಡೆಯಿಂದ ಇಳಿಸುವುದು. 'ಡೆಡಿಕೇಟೆಡ್' ಅನ್ನುವುದು ಮೊದಲಿನಿಂದಲೇ ಎರಡು ಕೋಣೆಯ ಮನೆಯಾಗಿ ಕಟ್ಟಿದ್ದು. ಎರಡನೇ ಕೋಣೆಯಲ್ಲಿ ಸಾಮಾನ್ಯವಾಗಿ ಎರಡು ನಿಜವಾದ ಕ್ವೀನ್ ಮಂಚ, ಆದರೆ ಹೊರಬಾಗಿಲು ಒಂದೇ. ದೊಡ್ಡ ಮಕ್ಕಳಿರುವವರು ಡೆಡಿಕೇಟೆಡ್ ಹಿಡಿಯಲಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಲಾಕ್ ಆಫ್ ಒಳ್ಳೆಯದು. ಅವರು ನಾಲ್ಕೂವರೆಗೆ ಎದ್ದು ತಮ್ಮ ಕಡೆಯಲ್ಲೇ ಹಾಲು ಬಿಸಿ ಮಾಡಿಕೊಂಡು ವಾಕಿಂಗಿಗೆ ಹೊರಡಬಹುದು, ಯಾರ ನಿದ್ದೆಯೂ ಕೆಡುವುದಿಲ್ಲ. ಇದೇ ನಡುಬಾಗಿಲು ಬರೀ 1 ಬೆಡ್‌ರೂಮ್ ಬುಕ್ ಮಾಡಿದವರಿಗೆ ತೊಂದರೆ. ಆಚೆ ಕಡೆ ಅಪರಿಚಿತರ ಸ್ಟುಡಿಯೋ ಇರುತ್ತದೆ, ಬಾಗಿಲಿನ ಮೂಲಕ ಟಿವಿ ಸದ್ದು, ಮಕ್ಕಳ ಅಳು ದಾಟಿ ಬರುತ್ತದೆ. ಚೆಕ್ ಇನ್‌ಗೆ ಮುಂಚೆ 'ನಡುಬಾಗಿಲಿಲ್ಲದ ಕೋಣೆ' ಅಂತ ಕೋರಿಕೆ ಹಾಕಿಡುವುದು ನನ್ನ ರೂಢಿ. ಕೊಡಲೇಬೇಕೆಂಬ ನಿಯಮವಿಲ್ಲ.

ಪಾಯಿಂಟಿಗೆ ಅತಿ ಹೆಚ್ಚು ಜಾಗ ಬೇಕೆಂದರೆ ಓಲ್ಡ್ ಕೀ ವೆಸ್ಟ್. ಅಲ್ಲಿಯ 1 ಬೆಡ್‌ರೂಮ್ 942 ಚದರ ಅಡಿ. ಸರಟೋಗ ಸ್ಪ್ರಿಂಗ್ಸ್‌ನಲ್ಲಿ ಅದೇ ಕೋಣೆ 714. ಓಲ್ಡ್ ಕೀ ವೆಸ್ಟ್‌ನ 2 ಬೆಡ್‌ರೂಮ್ 1333 ಚದರ ಅಡಿ, ಬೆಂಗಳೂರಿನ 30x40 ಸೈಟಿಗಿಂತ ದೊಡ್ಡದು. ಇಷ್ಟಾದರೂ ಪಾಯಿಂಟ್ ಕಡಿಮೆ ಕೇಳುವ ರೆಸಾರ್ಟ್‌ಗಳ ಸಾಲಿನಲ್ಲೇ ಇದೆ. ತೊಂದರೆ ಏನೆಂದರೆ ಕಟ್ಟಡಗಳು ಎರಡು ಮೂರು ಅಂತಸ್ತಿನವು, ಹೆಚ್ಚಿನವಕ್ಕೆ ಲಿಫ್ಟ್ ಇಲ್ಲ. 62, 63, 64ನೇ ಕಟ್ಟಡಗಳಲ್ಲಿ ಮಾತ್ರ ಇದೆ. ಮೊಣಕಾಲು ನೋವಿನವರು ಜೊತೆಗಿದ್ದರೆ ಈ ಮೂರು ಸಂಖ್ಯೆ ಬರೆದಿಟ್ಟುಕೊಂಡು ಕೇಳಿ. ಅಮೆರಿಕದಲ್ಲಿ 'ಫಸ್ಟ್ ಫ್ಲೋರ್' ಅಂದರೆ ನೆಲಮಹಡಿ ಅನ್ನುವುದೂ ನೆನಪಿರಲಿ. ಕಿಡಾನಿಯಲ್ಲಿ ಲಿಫ್ಟ್ ಇದೆ, ಆದರೆ ಕಾರಿಡಾರ್ ಬಹಳ ಉದ್ದ. ಅಲ್ಲಿ ಕೇಳಬೇಕಾದ್ದು 'ಲಾಬಿಗೆ ಹತ್ತಿರ'.

ಹಿರಿಯರಿಗೆ ಇನ್ನೊಂದು ವಿಷಯ ಸ್ನಾನದ ಟಬ್. ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಟಬ್ಬಿನೊಳಗೇ ಶವರ್, ಎತ್ತರದ ಅಂಚು ದಾಟಿ ಒಳಗಿಳಿಯಬೇಕು. 1 ಬೆಡ್‌ರೂಮಿನ ದೊಡ್ಡ ಬಾತ್‌ರೂಮಿನಲ್ಲಿ ಶವರ್ ಬೇರೆ ಇರುತ್ತದೆ. ಹಾಗಾಗಿ ಲಾಕ್ ಆಫ್‌ನಲ್ಲಿ ಅಪ್ಪ ಅಮ್ಮನಿಗೆ ಸ್ಟುಡಿಯೋ ಕಡೆ ಕೊಟ್ಟರೂ ಸ್ನಾನ ಈ ಕಡೆ ಇಟ್ಟುಕೊಳ್ಳುವುದು ಕ್ಷೇಮ.

ಸರಟೋಗ ಸ್ಪ್ರಿಂಗ್ಸ್‌ನ ಟ್ರೀಹೌಸ್ ವಿಲ್ಲಾಗಳು ಒಂದು ವಿಚಿತ್ರ. 60 ಮನೆಗಳು, ಕಂಬದ ಮೇಲೆ, ಮೂರು ಕೋಣೆ, ಒಂಬತ್ತು ಜನ. ಪಾಯಿಂಟ್ ಗ್ರ್ಯಾಂಡ್ ವಿಲ್ಲಾಕ್ಕಿಂತ ಬಹಳ ಕಡಿಮೆ, 2 ಬೆಡ್‌ರೂಮಿಗೆ ಹತ್ತಿರ. ಆದರೆ ಬಾತ್‌ರೂಮ್ ಎರಡೇ, ಮೂರನೇ ಕೋಣೆಯಲ್ಲಿರುವುದು ಒಂದರ ಮೇಲೊಂದು ಮಂಚ. ಎತ್ತರದ ಹುಡುಗರು ಅದರಲ್ಲಿ ಕಾಲು ಮಡಚಿಕೊಂಡೇ ಮಲಗಬೇಕು.

ನೋಟಕ್ಕೆ ಹೆಚ್ಚುವರಿ ಪಾಯಿಂಟ್ ಕೊಡಬೇಕೇ? ನಕ್ಷೆ ಒಂದೇ, ಕಿಟಕಿ ಮಾತ್ರ ಬೇರೆ. ಜಾಂಬೋ, ಕಿಡಾನಿಯ ಬಾಲ್ಕನಿಯಿಂದ ಜಿರಾಫೆ, ಜೀಬ್ರಾ ಕಾಣುವುದು ಹಗಲಿನಲ್ಲಿ. ಹಗಲೆಲ್ಲ ಪಾರ್ಕಿನಲ್ಲಿ ಇರುವವರು ಅದಕ್ಕೆ ಯಾಕೆ ಕೊಡಬೇಕು? ಪಾರ್ಕಿಗೆ ಹೋಗದ ಒಂದು ದಿನ ಇಟ್ಟುಕೊಂಡವರು ಖಂಡಿತ ಕೊಡಲಿ. ಜಾಂಬೋದಲ್ಲಿ 'ವ್ಯಾಲ್ಯೂ' ಅನ್ನುವ ವರ್ಗವೂ ಇದೆ: ಸ್ಟುಡಿಯೋ 316 ಚದರ ಅಡಿ, ಪಾಯಿಂಟ್ ಕಡಿಮೆ, ಸಂಖ್ಯೆಯೂ ಕಡಿಮೆ. ಬುಕಿಂಗ್ ತೆರೆದ ಬೆಳಗ್ಗೆಯೇ ಖಾಲಿಯಾಗುವಂಥದ್ದು.

ಅಡುಗೆಮನೆಗೆ ಪಾಯಿಂಟ್ ಕೊಟ್ಟ ಮೇಲೆ ಉಪಯೋಗಿಸಬೇಕು. 1 ಬೆಡ್‌ರೂಮ್ ಮತ್ತು ಮೇಲಿನವುಗಳಲ್ಲಿ ಒಲೆ, ಓವನ್, ದೊಡ್ಡ ಫ್ರಿಜ್, ಡಿಶ್‌ವಾಷರ್, ಪಾತ್ರೆ, ತಟ್ಟೆ, ಚಮಚ ಎಲ್ಲ ಇರುತ್ತವೆ. ನಾನು ಒಯ್ಯುವುದು ಸಣ್ಣ ಎಲೆಕ್ಟ್ರಿಕ್ ಕುಕ್ಕರ್, ಒಗ್ಗರಣೆ ಸೌಟು, ಮಸಾಲೆ ಡಬ್ಬಿ, ಸಾರಿನ ಪುಡಿ, ಹರಿತವಾದ ಒಂದು ಚಾಕು. ಅಲ್ಲಿಯ ಚಾಕುವಿನಲ್ಲಿ ಟೊಮೇಟೊ ಹೆಚ್ಚಲು ಹೋದರೆ ರಸವೇ ಉಳಿಯುವುದು. ಗಾಜಿನ ಮೇಲ್ಮೈಯ ಎಲೆಕ್ಟ್ರಿಕ್ ಒಲೆಯ ಮೇಲೆ ಕಬ್ಬಿಣದ ಕಾವಲಿ ಎಳೆದಾಡಿದರೆ ಗೀರು ಬೀಳುತ್ತದೆ, ದೋಸೆಯ ಆಸೆ ಊರಿಗೆ ಬಿಡಿ. ಈ ಒಲೆ ನಿಧಾನವಾಗಿ ಕಾಯುತ್ತದೆ, ಆರಿಸಿದ ಮೇಲೂ ಬಿಸಿ ಇಳಿಯುವುದಿಲ್ಲ. ಸಾಸಿವೆ ಸಿಡಿಯುತ್ತಿದ್ದಂತೆ ಸೌಟನ್ನೇ ಒಲೆಯಿಂದ ಎತ್ತಿ, ಒಣಮೆಣಸಿನಕಾಯಿ ಆಮೇಲೆ ಹಾಕಿ. ಮೊದಲೇ ಹಾಕಿದರೆ ಘಾಟು ಎದ್ದು ಹೊಗೆಯ ಅಲಾರಂ ಕೂಗುತ್ತದೆ. ಫ್ಯಾನ್ ಹಾಕಿ ಬಾಲ್ಕನಿ ಬಾಗಿಲು ತೆರೆದಿಟ್ಟೇ ಒಗ್ಗರಣೆಗೆ ಕೈ ಹಾಕಬೇಕು. ಸ್ಟುಡಿಯೋದಲ್ಲಿ ಹಾಟ್‌ಪ್ಲೇಟ್ ಇಟ್ಟು ಅಡುಗೆ ಮಾಡುವ ಯೋಚನೆಯೇ ಬೇಡ.

ದಿನವೂ ಬಂದು ಹಾಸಿಗೆ ಸರಿಮಾಡುವ ಹೋಟೆಲ್ ಸೇವೆ ಪಾಯಿಂಟಿನಲ್ಲಿ ಉಳಿದವರಿಗಿಲ್ಲ. ಒಂದು ವಾರದ ವಾಸಕ್ಕೆ ನಾಲ್ಕನೇ ದಿನ ಕಸ ತೆಗೆದು ಟವೆಲ್ ಬದಲಾಯಿಸುತ್ತಾರೆ, ಅಷ್ಟೆ. ಪೂರ್ತಿ ಸ್ವಚ್ಛತೆ ಬೇಕಾದರೆ ಕನಿಷ್ಠ ಎಂಟು ರಾತ್ರಿ ಇರಬೇಕು.

ಬುಕಿಂಗ್‌ನ ಕೀಲಿ ಎರಡು ಸಂಖ್ಯೆಗಳಲ್ಲಿದೆ, 11 ಮತ್ತು 7. ನಿಮ್ಮ ಪಾಯಿಂಟ್ ಯಾವ ರೆಸಾರ್ಟ್‌ನದೋ ಅಲ್ಲಿ 11 ತಿಂಗಳ ಮುಂಚೆ, ಬೇರೆಡೆ 7 ತಿಂಗಳ ಮುಂಚೆ. ಬೆಳಗ್ಗೆ 8ಕ್ಕೆ, ಅಮೆರಿಕದ ಪೂರ್ವ ಕರಾವಳಿಯ ಸಮಯಕ್ಕೆ ತೆರೆಯುತ್ತದೆ. ಭಾರತದಲ್ಲಿ ಕೂತು ಮಾಡುವವರಿಗೆ ಬೇಸಿಗೆಯಲ್ಲಿ ಸಂಜೆ 5:30, ಚಳಿಗಾಲದಲ್ಲಿ 6:30. ಸ್ಟುಡಿಯೋಗಳು ಮೊದಲು ಮುಗಿಯುತ್ತವೆ, 7 ತಿಂಗಳಿಗೆ ಬೇರೆಯವರ ಮುಂದೆ ಉಳಿಯುವುದು ಹೆಚ್ಚಾಗಿ ದೊಡ್ಡ ಕೋಣೆಗಳು. ಆದ್ದರಿಂದ ಸ್ಟುಡಿಯೋ ನೆಚ್ಚಿಕೊಂಡವರು ಎಲ್ಲಿ ಉಳಿಯಬೇಕೋ ಅಲ್ಲಿಯದೇ ಪಾಯಿಂಟ್ ಕೊಳ್ಳುವುದು ಅಥವಾ ಬಾಡಿಗೆಗೆ ಹಿಡಿಯುವುದು ಒಳ್ಳೆಯದು. ಚೆಕ್ ಇನ್‌ಗೆ 30 ದಿನದೊಳಗೆ ರದ್ದು ಮಾಡಿದರೆ ಆ ಪಾಯಿಂಟ್ 'ಹೋಲ್ಡಿಂಗ್'ಗೆ ಬೀಳುತ್ತದೆ, ಅದರಿಂದ 60 ದಿನದೊಳಗಿನ ಬುಕಿಂಗ್ ಮಾತ್ರ ಮಾಡಬಹುದು. ಆ ಹೊತ್ತಿಗೆ ಖಾಲಿ ಉಳಿದಿರುವುದೇನು ಅಂತ ನೀವೇ ಊಹಿಸಿ.

ಕೊಳ್ಳುವುದೋ ಬಾಡಿಗೆಯೋ? ಹೋಟೆಲ್ಲಿನ ನಗದು ದರದ ಪಕ್ಕ ಇಟ್ಟು ಇಷ್ಟು ಉಳಿಯಿತು ಅನ್ನುವ ಲೆಕ್ಕ ನಾನು ನಂಬುವುದಿಲ್ಲ. ಆ ದರ ಕೊಟ್ಟು ನೀವು ಅಲ್ಲಿ ಉಳಿಯುತ್ತಲೇ ಇರಲಿಲ್ಲ. ಹೋಲಿಸಬೇಕಾದ್ದು ಬಾಡಿಗೆ ಪಾಯಿಂಟಿನ ಜೊತೆ. ಪಾಯಿಂಟಿಗೆ 20 ಡಾಲರ್ ಬಾಡಿಗೆ ಅಂದುಕೊಳ್ಳಿ. ಮರುಮಾರಾಟದಲ್ಲಿ, ಅಂದರೆ ಹಳೆಯ ಸದಸ್ಯರಿಂದ, ಪಾಯಿಂಟಿಗೆ 100 ಡಾಲರ್ ಕೊಟ್ಟು 2026ರಲ್ಲಿ ಸರಟೋಗ ಸ್ಪ್ರಿಂಗ್ಸ್ ಕೊಂಡರೆ, ಕರಾರು 2054ಕ್ಕೆ ಮುಗಿಯುತ್ತದೆ, 28 ವರ್ಷ. ವರ್ಷಕ್ಕೆ ಮೂರೂವರೆ ಡಾಲರ್ ಚಿಲ್ಲರೆ ಬಂಡವಾಳ, ಜೊತೆಗೆ ವಾರ್ಷಿಕ ನಿರ್ವಹಣಾ ಶುಲ್ಕ 9 ಅಂತಿಟ್ಟುಕೊಂಡರೆ ಹನ್ನೆರಡೂವರೆ. 2042ಕ್ಕೆ ಮುಗಿಯುವ ಬೋರ್ಡ್‌ವಾಕ್‌ನದು 80 ಡಾಲರಿಗೆ ಸಿಕ್ಕರೂ 16 ವರ್ಷಕ್ಕೆ ಹಂಚಿದರೆ 5, ಶುಲ್ಕ ಸೇರಿ 14. ಅಗ್ಗವಾಗಿ ಕಂಡದ್ದು ದುಬಾರಿ. ಈ ಅಂಕಿಗಳ ಜಾಗದಲ್ಲಿ ಅಂದಿನ ಬೆಲೆ, ಆ ರೆಸಾರ್ಟ್‌ನ ಶುಲ್ಕ ಹಾಕಿ ನೋಡಿ. ಶುಲ್ಕ ಏರುತ್ತ ಹೋಗುತ್ತದೆ, ನೀವು ಹೋಗದ ವರ್ಷವೂ ಕಟ್ಟಲೇಬೇಕು. ಎರಡು ಮೂರು ವರ್ಷಕ್ಕೊಮ್ಮೆ ಹೋಗುವವರಿಗೆ ಬಾಡಿಗೆಯೇ ಸರಿ, ರದ್ದು ಮಾಡಿದರೆ ಸಾಮಾನ್ಯವಾಗಿ ಹಣ ವಾಪಸ್ ಬರುವುದಿಲ್ಲ ಅನ್ನುವುದನ್ನು ಒಪ್ಪಿಕೊಂಡು.

ಮರುಮಾರಾಟದಲ್ಲಿ ಕೊಳ್ಳುವವರು ಮೂರು ವಿಷಯ ಕಾಗದದಲ್ಲಿ ನೋಡಬೇಕು. ಡಿಸ್ನಿಗೆ ಅದೇ ಬೆಲೆಗೆ ತಾನೇ ಕೊಳ್ಳುವ ಮೊದಲ ಹಕ್ಕಿದೆ, ಅದಕ್ಕೆ 30 ದಿನ ಕಾಯಬೇಕು. 2019ರ ಜನವರಿ 19ರಿಂದೀಚೆಗೆ ಮರುಮಾರಾಟದಲ್ಲಿ ಕೊಂಡ ಹಳೆಯ 14 ರೆಸಾರ್ಟ್‌ಗಳ ಪಾಯಿಂಟ್ ರಿವಿಯೇರಾದಲ್ಲಿ ನಡೆಯುವುದಿಲ್ಲ, ರಿವಿಯೇರಾದ ಮರುಮಾರಾಟದ ಪಾಯಿಂಟ್ ರಿವಿಯೇರಾ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಮೂರನೆಯದು, ಈ ವರ್ಷದ ಪಾಯಿಂಟ್ ಉಳಿದಿದೆಯೇ, ಮುಂದಿನ ವರ್ಷದ್ದನ್ನೂ ಮಾರುವವರು ಸಾಲ ಪಡೆದು ಖರ್ಚು ಮಾಡಿದ್ದಾರೆಯೇ? ಅದು ಖಾಲಿಯಾಗಿದ್ದರೆ ಮೊದಲ ಬುಕಿಂಗ್‌ಗೆ ಒಂದೆರಡು ವರ್ಷ ಕಾಯಬೇಕಾಗುತ್ತದೆ. ಆ ಅವಧಿಯ ಶುಲ್ಕವನ್ನು ಯಾರು ಕಟ್ಟುವುದು ಅನ್ನುವುದನ್ನು ಒಪ್ಪಂದದಲ್ಲೇ ಬರೆಸಿಕೊಂಡ ಮೇಲೆ ಸಹಿ ಹಾಕಿ.