ಮನೇಲೇ ಮಕ್ಕಳಿಗೆ ನಂಬಿಕೆ ಕಲಿಸೋದು ಹೇಗೆ

ವಾರಕ್ಕೊಂದ್ಸಲ ಸಂಡೇ ಸ್ಕೂಲ್‌ಗೆ ಕಳಿಸಿದ್ರೆ ಸಾಕು, ಮಕ್ಕಳು ದೇವರ ಭಯದಲ್ಲಿ ಬೆಳ್ಕೋತಾರೆ ಅಂತ ನಾವೂ ಬಹಳ ದಿನ ಅಂದ್ಕೊಂಡಿದ್ವಿ. ಆಮೇಲೆ ಒಂದಿನ ಲೆಕ್ಕ ಹಾಕಿದ್ವಿ, ವಾರಕ್ಕೆ 168 ಗಂಟೆ, ಅದ್ರಲ್ಲಿ ಚರ್ಚಲ್ಲಿ ಇರೋದು ಎರಡೋ ಮೂರೋ ಗಂಟೆ, ಮಿಕ್ಕಿದ್ದೆಲ್ಲಾ ಮನೆ, ಶಾಲೆ, ಮೊಬೈಲು. ಬೈಬಲಲ್ಲಿ ಧರ್ಮೋಪದೇಶಕಾಂಡ 6:7 ತೆಗೆದು ನೋಡಿ, ಮಕ್ಕಳಿಗೆ ದೇವರ ಮಾತು ಯಾವಾಗ ಹೇಳ್ಬೇಕು ಅನ್ನೋದಕ್ಕೆ ಮೋಶೆ ನಾಲ್ಕು ಹೊತ್ತು ಹೇಳಿದ್ದಾನೆ: ಮನೇಲಿ ಕೂತಾಗ, ದಾರೀಲಿ ನಡೀವಾಗ, ಮಲಗೋವಾಗ, ಏಳೋವಾಗ. ಅದಕ್ಕೂ ಮುಂಚಿನ ವಚನದಲ್ಲಿ ಈ ಮಾತುಗಳು ಮೊದ್ಲು ನಿನ್ನ ಹೃದಯದಲ್ಲಿರ್ಲಿ ಅಂತ ಇದೆ, ಅಂದ್ರೆ ಕೆಲಸ ಶುರುವಾಗೋದು ಅಪ್ಪ ಅಮ್ಮನಿಂದ.

ರಾತ್ರಿ ಹತ್ತು ನಿಮಿಷದಿಂದ ಶುರುಮಾಡಿ. ಒಂದು ಗಂಟೆ ಕುಟುಂಬ ಪ್ರಾರ್ಥನೆ ಅಂತ ಹೊರಟ್ರೆ ಮೂರನೇ ದಿನಕ್ಕೆ ನಿಂತೋಗುತ್ತೆ. ಮಾರ್ಕನ ಸುವಾರ್ತೆ ತಗೊಳ್ಳಿ, 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. ರಾತ್ರಿಗೆ ಒಂದು ಅಧ್ಯಾಯ ಬೇಡ, ಒಂದೇ ಒಂದು ಘಟನೆ ಓದಿ. ಓದಿದ್ಮೇಲೆ ನೀವೇ ಪಾಠ ಹೇಳೋಕೆ ಹೋಗ್ಬೇಡಿ, "ಈ ಕಥೇಲಿ ನೀನು ಯಾರ ಥರ ಇದೀಯ ಅನ್ಸುತ್ತೆ?" ಅಂತ ಕೇಳಿ ಸುಮ್ನೆ ಕಾಯಿರಿ. ಲೂಕ 15ರ ತಪ್ಪಿಹೋದ ಮಗನ ಕಥೆ (ಆಸ್ತಿ ಹಾಳುಮಾಡಿ ವಾಪಸ್ ಬಂದ ತಮ್ಮನಿಗೆ ಅಪ್ಪ ಹಬ್ಬ ಮಾಡ್ತಾನೆ, ಅಣ್ಣ ಸಿಟ್ಟಾಗಿ ಒಳಗೆ ಬರಲ್ಲ) ಓದಿದ ದಿನ ನನ್ನ ಮಗಳು "ಮನೇಲೇ ಇದ್ದು ಕೆಲಸ ಮಾಡಿದ ಅಣ್ಣಂದೇನು ತಪ್ಪು, ನಂಗೂ ಸಿಟ್ಟು ಬರುತ್ತೆ" ಅಂದ್ಲು. ಅವತ್ತು ನಾವು ಅರ್ಧ ಗಂಟೆ ಕೂತು ಮಾತಾಡಿದ್ವಿ, ಆ ಅಣ್ಣನ್ನ ಒಳಗೆ ಕರಿಯೋಕೂ ಅಪ್ಪ ತಾನೇ ಹೊರಗೆ ಬಂದ ಅನ್ನೋದನ್ನ ಅವಳೇ ಹುಡುಕಿ ತೋರಿಸಿದ್ಲು, ನಾನು ಅಷ್ಟು ವರ್ಷ ಓದಿದ್ರೂ ಅಲ್ಲಿ ನಿಂತು ಯೋಚಿಸಿರ್ಲಿಲ್ಲ.

ಬಾಯಿಪಾಠಕ್ಕೆ 23ನೇ ಕೀರ್ತನೆ ಒಳ್ಳೇದು, ಆರೇ ವಚನ, ವಾರಕ್ಕೊಂದು. ತೀರಾ ಚಿಕ್ಕೋರಿಗೆ 117, ಎರಡೇ ವಚನ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡೋ ಸರದಿ ಮಕ್ಕಳಿಗೂ ಕೊಡಿ, ಏನೇ ಹೇಳಿದ್ರೂ ತಿದ್ದಬೇಡಿ.

ಒಂದು ನೋಟ್‌ಬುಕ್ ಇಡಿ. ಎಡಗಡೆ ಏನು ಬೇಡಿಕೊಂಡ್ವಿ ಮತ್ತೆ ತಾರೀಖು, ಬಲಗಡೆ ಏನಾಯ್ತು ಅಂತ. ಕೆಲವು ಬಲಗಡೆ ಖಾಲಿಯಾಗೇ ಉಳಿಯುತ್ತೆ, ಕೆಲವು ಕಡೆ ನಾವು ಕೇಳಿದ್ದು ಆಗ್ಲಿಲ್ಲ ಅಂತ್ಲೇ ಬರೀಬೇಕಾಗುತ್ತೆ, ಬರೀರಿ, ಮಕ್ಕಳಿಂದ ಮುಚ್ಚಿಡಬೇಡಿ.

ಇನ್ನು ಎಲ್ಲಕ್ಕಿಂತ ಕಷ್ಟದ್ದು ಮಕ್ಕಳ ಹತ್ರ ಕ್ಷಮೆ ಕೇಳೋದು. ಒಂದು ಬೆಳಿಗ್ಗೆ ಶೂ ಸಿಗ್ಲಿಲ್ಲ ಅಂತ ಮಗನ ಮೇಲೆ ಕೂಗಾಡಿಬಿಟ್ಟೆ, ಸಂಜೆ ಏನೂ ಆಗಿಲ್ಲ ಅನ್ನೋ ಹಾಗೆ ಪ್ರಾರ್ಥನೆಗೆ ಕೂತೆ, ಮಧ್ಯೆ ಕಣ್ಣು ಬಿಟ್ಟು ನೋಡಿದ್ರೆ ಅವನು ಕಣ್ಣೇ ಮುಚ್ಚದೆ ನನ್ನನ್ನೇ ನೋಡ್ತಿದ್ದ. "ನಮ್ಮ ತಪ್ಪುಗಳನ್ನು ಕ್ಷಮಿಸು" ಅಂತ ದಿನಾ ಹೇಳೋ ಬಾಯಿಂದ ಮಗನಿಗೆ ಒಂದು ಮಾತು ಬರ್ಲಿಲ್ವಲ್ಲ ಅಂತ ರಾತ್ರಿಯೆಲ್ಲಾ ಕೊರೀತಿತ್ತು. ಮಾರನೇ ದಿನ ಅವನ ಪಕ್ಕ ಕೂತು ಕೇಳ್ದೆ. ಹೇಗೆ ಕೇಳ್ಬೇಕು ಅಂದ್ರೆ, ಏನು ತಪ್ಪು ಮಾಡಿದ್ರಿ ಅನ್ನೋದನ್ನ ಬಿಡಿಸಿ ಹೇಳಿ, "ಆದ್ರೆ ನೀನೂ ಕೂಡ" ಅಂತ ಬಾಲ ಸೇರಿಸ್ಬೇಡಿ, ಈಗ್ಲೇ ಕ್ಷಮಿಸು ಅಂತ ಒತ್ತಾಯ ಬೇಡ. ಎಫೆಸ 6:4ರಲ್ಲಿ ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅಂತ ಪೌಲ ತಂದೆಗಳಿಗೇ ಹೇಳಿದ್ದು. ಹಾಗೇ "ದೇವರು ನೋಡ್ತಿದ್ದಾನೆ, ಶಿಕ್ಷೆ ಕೊಡ್ತಾನೆ" ಅಂತ ಹೆದರಿಸಿ ಊಟ ಮಾಡ್ಸೋದು, ಓದ್ಸೋದು ದಯವಿಟ್ಟು ಬಿಟ್ಬಿಡಿ, ಆ ಮಗು ಮುಂದೆ ತಪ್ಪು ಮಾಡಿದಾಗ ದೇವರ ಹತ್ರ ಓಡಿ ಬರಲ್ಲ, ದೇವರಿಂದ ಓಡಿಹೋಗುತ್ತೆ.

ಹದಿವಯಸ್ಸಿಗೆ ಬಂದ್ಮೇಲೆ ಪ್ರಶ್ನೆ ಶುರುವಾಗುತ್ತೆ. ಒಳ್ಳೇದೇ. ಇಸ್ರಾಯೇಲ್ಯರು ಯೊರ್ದನ್ ನದಿ ದಾಟಿದ್ಮೇಲೆ 12 ಕಲ್ಲು ನಿಲ್ಲಿಸಿದ್ದೇ ಮುಂದೆ ಮಕ್ಕಳು "ಇದೇನು?" ಅಂತ ಕೇಳ್ಲಿ ಅಂತ, ಯೆಹೋಶುವ 4ರಲ್ಲಿದೆ. "ಹಾಗೆಲ್ಲಾ ಕೇಳ್ಬಾರ್ದು" ಅಂದ್ರೆ ಪ್ರಶ್ನೆ ಹೋಗಲ್ಲ, ನಿಮ್ಮನ್ನ ಕೇಳೋದು ನಿಲ್ಲುತ್ತೆ ಅಷ್ಟೇ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ಇಬ್ರೂ ಸೇರಿ ಹುಡುಕಿ.

ಗಂಡ ನಂಬಿಕೆಗೆ ಬಂದಿಲ್ಲ, ಒಬ್ಳೇ ಏನ್ ಮಾಡ್ಲಿ ಅಂತ ಕೇಳೋ ತಾಯಂದಿರು ಬಹಳ ಜನ. ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯನ ಮನೆ ನೋಡಿ, ಅಪ್ಪ ಗ್ರೀಕನು ಅಂತ ಅಪೊಸ್ತಲರ ಕೃತ್ಯಗಳು 16:1ರಲ್ಲಿದೆ, ಅವನಲ್ಲಿರೋ ನಂಬಿಕೆ ಮೊದ್ಲು ಅಜ್ಜಿ ಲೋವಿ, ಅಮ್ಮ ಯೂನೀಕೆ ಇವರಲ್ಲಿತ್ತು ಅಂತ ಪೌಲ ನೆನೆಸ್ಕೋತಾನೆ. ಆದ್ರೆ ಮಕ್ಕಳ ಮುಂದೆ ಗಂಡನ್ನ ಹೀಗಳೀಬೇಡಿ. ಅಜ್ಜಿ ಇದ್ರೆ ಅವರ ಹತ್ರ ಕೂರಿಸಿ, ದೇವರು ನಡೆಸಿದ ದಾರಿ ಅವರ ಬಾಯಿಂದ್ಲೇ ಕೇಳ್ಲಿ.

ಬೆಳೆದ ಮಕ್ಕಳು ಚರ್ಚಿಗೆ ಬರೋದು ಬಿಟ್ಟಿದ್ರೆ? ಮುಂದೆ ಸಭೆಯ ದೊಡ್ಡ ಬೋಧಕರಾದ ಅಗಸ್ಟೀನ್‌ಗೆ ಮಿಲಾನ್‌ನಲ್ಲಿ ದೀಕ್ಷಾಸ್ನಾನ ಆಗಿದ್ದು 387ರ ಈಸ್ಟರ್‌ನಲ್ಲಿ, ಆಗ ಅವರಿಗೆ 32 ವರ್ಷ, ಅಲ್ಲೀವರೆಗೂ ತಾಯಿ ಮೋನಿಕಾ ಅತ್ತು ಪ್ರಾರ್ಥನೆ ಮಾಡಿದ್ದು ಒಂದೆರಡು ದಿನ ಅಲ್ಲ. ಪ್ರತಿ ಫೋನಲ್ಲೂ ಚರ್ಚಿನ ವಿಷಯ ಎತ್ತಿದ್ರೆ ಫೋನ್ ತೆಗೆಯೋದೇ ನಿಲ್ಲಿಸ್ತಾರೆ. ಕೆಲಸ ಹೇಗಿದೆ, ಊಟ ಆಯ್ತಾ, ನಿದ್ದೆ ಬರುತ್ತಾ ಅಂತ ಕೇಳಿ, ಅವರು ಹೇಳೋದನ್ನ ಪೂರ್ತಿ ಕೇಳಿಸ್ಕೊಳ್ಳಿ, ಫೋನ್ ಇಡೋವಾಗ "ದಿನಾ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಿ ಮಗಾ" ಅಂತ ಒಂದೇ ಮಾತು ಹೇಳಿ ಇಟ್ಬಿಡಿ.